ಅಮ್ಮನ ಫ್ಯಾನ್ ಜಗಳ ಮತ್ತು ಪೆರಿಮೆನೋಪಾಸ್

ಇವತ್ತಿನ ವಿಷಯ ನಿಮ್ಮದಲ್ಲ, ನಿಮ್ಮ ಅಮ್ಮಂದು. ಹುಡುಗರೂ ಸ್ಕಿಪ್ ಮಾಡಬೇಡಿ, ಪ್ಲೀಸ್.

ನಮ್ಮ ಮನೆ ಭದ್ರಾವತಿಯಲ್ಲಿ. ಅಮ್ಮನಿಗೆ 46. ದಿನಾ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು, ಗಾಂಧಿ ಬಜಾರ್ ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸೋ ಕೆಲಸ ಮಾಡ್ತಾಳೆ. ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರಬೇಕು. ಅಪ್ಪನ ಕೆಲಸ ಹೋದ ಮೇಲೆ ಮನೆ ನಡೀತಿರೋದು ಅವಳ ಸಂಬಳದಲ್ಲೇ.

ಶುರುವಾಗಿದ್ದು ಫ್ಯಾನಿನಿಂದ. ಜನವರಿ ಚಳಿ, ನಾವೆಲ್ಲ ಎರಡೆರಡು ಹೊದಿಕೆ ಹೊದ್ದು ಮಲಗಿದ್ರೆ ಅಮ್ಮ ಎದ್ದು ಫ್ಯಾನ್ ಐದಕ್ಕೆ ತಿರುಗಿಸ್ತಿದ್ಲು. ಅಪ್ಪ ಆಫ್ ಮಾಡೋರು, ಅವಳು ಆನ್ ಮಾಡೋಳು. ನೈಟಿ ಬೆನ್ನೆಲ್ಲ ಒದ್ದೆ. ಆಮೇಲೆ ನಿದ್ದೆ ಹೋಯ್ತು. ಆಮೇಲೆ ಸಿಟ್ಟು. ಒಂದು ದಿನ ಕತ್ತರಿ ಸಿಗಲಿಲ್ಲ ಅಂತ ಅತ್ತುಬಿಟ್ಲು. ನಾನು ಏನು ಮಾಡಿದೆ ಗೊತ್ತಾ? "ಓವರ್ ಆಕ್ಟಿಂಗ್ ಮಾಡ್ಬೇಡಮ್ಮ" ಅಂದೆ. ಈಗಲೂ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

ಮುಟ್ಟು ನಿಲ್ಲೋದು ಅಂದ್ರೆ ನಲ್ಲಿ ಬಂದ್ ಮಾಡಿದ ಹಾಗೆ ಒಂದಿನ ನಿಂತುಬಿಡುತ್ತೆ ಅಂತ ನಾನು ತಿಳ್ಕೊಂಡಿದ್ದೆ. ಹಾಗಲ್ಲ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದೆ ಇದ್ರೆ ಮಾತ್ರ ಅದನ್ನ ಮೆನೋಪಾಸ್ ಅಂತಾರೆ. ನಮ್ಮ ದೇಶದಲ್ಲಿ ಅದು ಸರಾಸರಿ 46-47ರ ಆಸುಪಾಸು. ಅದಕ್ಕೆ ಮುಂಚಿನ ಕೆಲವು ವರ್ಷಗಳೇ ಪೆರಿಮೆನೋಪಾಸ್. ಸಾಮಾನ್ಯವಾಗಿ ನಾಲ್ಕು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಆಗ ಈಸ್ಟ್ರೋಜನ್ ನೇರವಾಗಿ ಇಳಿಯಲ್ಲ, ಏರುತ್ತೆ, ಬೀಳುತ್ತೆ, ಮತ್ತೆ ಏರುತ್ತೆ. ಮೈಯ ಶಾಖ ನೋಡಿಕೊಳ್ಳೋ ಮೆದುಳಿನ ಭಾಗಕ್ಕೆ ಅದರಿಂದ ಗೊಂದಲ. ಸ್ವಲ್ಪ ಬಿಸಿಯಾದ್ರೂ ಸಾಕು, ಮೈ ತಂಪು ಮಾಡು ಅಂತ ಬೆವರು ಹರಿಸುತ್ತೆ. ಅಮ್ಮನ ಫ್ಯಾನಿನ ಕಥೆ ಇಷ್ಟೇ.

ಫ್ಯಾನ್ ಬಿಡಿ, ನಮ್ಮನ್ನ ಹೆದರಿಸಿದ್ದು ರಕ್ತಸ್ರಾವ. ಎರಡು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಹತ್ತು ದಿನ ಬಿಡದೆ. ಗಂಟೆಗೊಂದು ಪ್ಯಾಡ್. ಗಿರಾಕಿ ಮುಂದೆ ಸೀರೆ ಹರಡಿ ಕೂತವಳಿಗೆ ಏಳೋಕೆ ಭಯ. ಬಸ್ಸಲ್ಲಿ ಸೀಟು ಸಿಕ್ಕಿದ್ರೂ ಕೂರ್ತಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅಂಗಡಿಯಲ್ಲಿ ತಲೆಸುತ್ತಿ ಬಿದ್ದ ಮೇಲೆ.

ಮೊದಲು ಒಂದು ನರ್ಸಿಂಗ್ ಹೋಮಿಗೆ ಹೋದ್ವಿ. ಸ್ಕ್ಯಾನ್ ನೋಡಿ, "ಮಕ್ಕಳು ದೊಡ್ಡೋರಾಗಿದ್ದಾರಲ್ಲ, ಗರ್ಭಕೋಶ ತೆಗೆಸಿಬಿಡಿ, ಇಲ್ದಿದ್ರೆ ಮುಂದೆ ಕ್ಯಾನ್ಸರ್ ಆಗಬಹುದು" ಅಂದ್ರು. ಕ್ಯಾನ್ಸರ್ ಅನ್ನೋ ಪದ ಕೇಳಿದ ಮೇಲೆ ಅಮ್ಮ ಬೇರೆ ಏನೂ ಕೇಳಿಸ್ಕೊಳ್ಳಲಿಲ್ಲ. ಬಳೆ ಅಡ ಇಡೋದು ಅಂತ ಅವತ್ತೇ ತೀರ್ಮಾನ ಆಯ್ತು. ಆಪರೇಷನ್ ಆದ್ರೆ ತಿಂಗಳಿಗೂ ಮೇಲೆ ರೆಸ್ಟ್. ಆ ಸಂಬಳ ಎಲ್ಲಿಂದ ಬರುತ್ತೆ?

ಇನ್ನೊಬ್ಬ ಡಾಕ್ಟರನ್ನ ಕೇಳೋಣ ಅಂತ ನಾನೇ ಹಠ ಮಾಡಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ರಕ್ತ ಪರೀಕ್ಷೆ ಮಾಡಿದ್ರು. ಹಿಮೋಗ್ಲೋಬಿನ್ 7.6. ಹನ್ನೆರಡಾದ್ರೂ ಇರಬೇಕಿತ್ತು. ಥೈರಾಯ್ಡ್ ನೋಡಿದ್ರು, ಯಾಕಂದ್ರೆ ಅದು ಕೆಟ್ಟರೂ ಇವೇ ಲಕ್ಷಣ. ವಯಸ್ಸು 45 ದಾಟಿದೆ ಅಂತ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ರಿಪೋರ್ಟ್ ಬರೋವರೆಗಿನ ದಿನಗಳ ಬಗ್ಗೆ ಹೇಳೋಕೆ ಇಷ್ಟ ಇಲ್ಲ. ಕ್ಯಾನ್ಸರ್ ಇರಲಿಲ್ಲ. ಗರ್ಭಕೋಶದೊಳಗೆ ಹಾರ್ಮೋನ್ ಇರೋ ಒಂದು ಸಣ್ಣ ವಂಕಿಯಂಥ ಸಾಧನ ಹಾಕಿದ್ರು, ಜೊತೆಗೆ ಕಬ್ಬಿಣದ ಮಾತ್ರೆ. ನಾಲ್ಕೈದು ತಿಂಗಳಲ್ಲಿ ರಕ್ತಸ್ರಾವ ತುಂಬಾ ಕಡಿಮೆಯಾಯ್ತು.

ಅಂದ್ರೆ ಆಪರೇಷನ್ ಯಾರಿಗೂ ಬೇಡ ಅಂತಲ್ಲ, ಕೆಲವರಿಗೆ ಬೇಕಾಗುತ್ತೆ. ಆದ್ರೆ ಅದು ಮೊದಲ ಮಾತಾಗಬಾರದು. ಕಲಬುರಗಿ ಕಡೆಯ ತಾಂಡಾಗಳ ಹೆಂಗಸರು ಇದೇ ವಿಷಯಕ್ಕೆ ಬೀದಿಗಿಳಿದಿದ್ರು. 2023ರಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದ್ರೆ ಮೆನೋಪಾಸ್ ಒಂದೇ ದಿನದಲ್ಲಿ ಬಂದು ಕೂರುತ್ತೆ. ಮೂಳೆಗೂ ಹೃದಯಕ್ಕೂ ಅದು ಪೆಟ್ಟು.

ಮಾತ್ರೆ ವಿಷಯ ಒಂದು ಹೇಳ್ಬೇಕು. ಅಮ್ಮ ಕಬ್ಬಿಣದ ಮಾತ್ರೆಯನ್ನ ಕಾಫಿ ಜೊತೆ ನುಂಗ್ತಿದ್ಲು! ಕಾಫಿ, ಟೀ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ನಿಂಬೆ ಪಾನಕದ ಜೊತೆ ತಗೊಂಡ್ರೆ ಒಳ್ಳೇದು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಮುದ್ದೆ ಬಿಡಬೇಡಿ. ಬಿಸಿ ಏರೋದು, ರಾತ್ರಿ ಬೆವರು ತೀರಾ ಜಾಸ್ತಿ ಇದ್ರೆ ಹಾರ್ಮೋನ್ ಚಿಕಿತ್ಸೆ ಇದೆ. ಸ್ತನ ಕ್ಯಾನ್ಸರ್ ಬಂದೋರಿಗೆ, ರಕ್ತ ಹೆಪ್ಪುಗಟ್ಟೋ ತೊಂದರೆ ಇರೋರಿಗೆ ಅದು ಸಾಮಾನ್ಯವಾಗಿ ಆಗಲ್ಲ. ಡಾಕ್ಟರ್ ಹತ್ರ ಎಲ್ಲ ಹೇಳಿಯೇ ತಗೋಬೇಕು, ಮೆಡಿಕಲ್ ಸ್ಟೋರಲ್ಲಿ ಕೇಳಿ ಅಲ್ಲ. ಇನ್ನೊಂದು, ಮುಟ್ಟು ನಿಂತು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ತೋರಿಸಿ.

2025ರ ಅಕ್ಟೋಬರಲ್ಲಿ ನಮ್ಮ ರಾಜ್ಯ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಅದು 18ರಿಂದ 52 ವರ್ಷದವರಿಗೆ. ಅಮ್ಮನಿಗೆ ಓದಿ ಹೇಳಿದೆ. "ಓನರ್ ಹತ್ರ ನೀನೇ ಬಂದು ಕೇಳ್ತೀಯಾ?" ಅಂದ್ಲು. ಇನ್ನೂ ಕೇಳಿಲ್ಲ.

ಈಗ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ತಾರೀಖು, ಪ್ಯಾಡ್ ಲೆಕ್ಕ ಬರೀತಾಳೆ. ಅಪ್ಪ ಮಂಚ ಕಿಟಕಿ ಪಕ್ಕ ಸರಿಸಿ, ತಾವು ಹಾಲಿಗೆ ಶಿಫ್ಟ್ ಆದ್ರು. ಮೊನ್ನೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಸೆಕ್ಷನ್‌ನ ಅಕ್ಕ ಅಮ್ಮನ ಕಿವಿಯಲ್ಲಿ ಏನೋ ಕೇಳಿದ್ರಂತೆ. ಮುಂದಿನ ಸೋಮವಾರ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗ್ತಿದ್ದಾರೆ.