ಎರಡು ಆಂಟೆನಾ, ಒಂದು ಚಿತ್ರ



ಶಾರ್ಟ್‌ವೇವ್‌ನಲ್ಲಿ ದೂರದ ನಿಲಯಗಳನ್ನು ಹುಡುಕಿ ಕೇಳಿದವರಿಗೆ ಗೊತ್ತು, ದನಿ ತೇಲಿ ಬರುತ್ತದೆ, ಕ್ಷೀಣಿಸುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಈ ಏರಿಳಿತಕ್ಕೆ ಮದ್ದು ಹುಡುಕಿದವರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಹೆರಾಲ್ಡ್ ಬೆವರೇಜ್ ಮತ್ತು ಹೆರಾಲ್ಡ್ ಪೀಟರ್ಸನ್ ಮುಖ್ಯರು. ಒಂದು ಆಂಟೆನಾದಲ್ಲಿ ಸಿಗ್ನಲ್ ಕುಗ್ಗಿದ ಗಳಿಗೆಯಲ್ಲೇ, ಸಾಕಷ್ಟು ದೂರ ನೆಟ್ಟ ಇನ್ನೊಂದರಲ್ಲಿ ಅದು ಚೆನ್ನಾಗಿರಬಹುದು. ಇದನ್ನೇ ನಂಬಿ ಅವರು ಕಟ್ಟಿದ ವ್ಯವಸ್ಥೆಯ ವಿವರ 1931ರಲ್ಲಿ ಪ್ರಕಟವಾಯಿತು. ಅದರ ಹೆಸರು ಡೈವರ್ಸಿಟಿ. ಹವ್ಯಾಸಿ ಡ್ರೋನ್ ಪೈಲಟ್‌ಗಳು ಕಣ್ಣಿಗೆ ಕಟ್ಟಿಕೊಳ್ಳುವ ಗಾಗಲ್‌ನ ರಿಸೀವರ್ ಇಂದಿಗೂ ಅದೇ ನಂಬಿಕೆಯ ಮೇಲೆ ನಡೆಯುತ್ತದೆ.

ಅವರ ವ್ಯವಸ್ಥೆ ಹೊತ್ತ ಟೆಲಿಗ್ರಾಫ್‌ಗೆ ಚುಕ್ಕೆ ಗೆರೆ ದಾಟಿಬಂದರೆ ಸಾಕಿತ್ತು. ಚಿತ್ರಕ್ಕೆ ಅಷ್ಟು ಸಹನೆಯಿಲ್ಲ. ನಮ್ಮ ದೂರದರ್ಶನ ಬಳಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ, ಗೆರೆಗೆ 64 ಮೈಕ್ರೋಸೆಕೆಂಡ್. ಪ್ರತಿ ಗೆರೆಯ ಮೊದಲಿಗೆ ಸಿಂಕ್ ಎಂಬ ಮಿಡಿತ. ಅದು ತಪ್ಪಿದರೆ ಚಿತ್ರ ಓರೆಯಾಗುತ್ತದೆ, ಉರುಳುತ್ತದೆ.

ಟಿವಿ ಸ್ಟುಡಿಯೋದವರು ಇದನ್ನು ಪಳಗಿಸಿದ ಬಗೆ ಸೊಗಸಾಗಿದೆ. ಎಲ್ಲ ಕ್ಯಾಮೆರಾಗಳನ್ನೂ ಒಂದೇ ಸಿಂಕ್‌ಗೆ ಕಟ್ಟಿದರು. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಜಿಗಿಯಲು, ಚಿತ್ರವನ್ನು ಅರ್ಧರ್ಧವಾಗಿ ಬಿಡಿಸುತ್ತಾ ತೆರೆಯ ತಳ ಮುಟ್ಟಿದ ಕಿರಣ ಮತ್ತೆ ಮೇಲಕ್ಕೆ ಹೋಗುವ ಸುಮಾರು 1.6 ಮಿಲಿಸೆಕೆಂಡಿನ ಬಿಡುವನ್ನು ಆರಿಸಿಕೊಂಡರು. ಆ ಹೊತ್ತಿನಲ್ಲಿ ತೆರೆಯ ಮೇಲೆ ಏನೂ ಮೂಡುವುದಿಲ್ಲ, ಹಾಗಾಗಿ ಜಿಗಿತ ಯಾರಿಗೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಟಿವಿ ತಂತ್ರಜ್ಞಾನದ ಅತ್ಯಂತ ಚೆಲುವಾದ ಉಪಾಯ ಇದು.

ಅನಲಾಗ್ ಡ್ರೋನ್ ಕೂಡ ಇಂಥದೇ ಗೆರೆ, ಸಿಂಕ್‌ಗಳ ಚಿತ್ರವನ್ನು ಎಫ್‌ಎಂ ವಿಧಾನದಲ್ಲಿ ಕಳಿಸುತ್ತದೆ. 1975ರಲ್ಲಿ ಉಪಗ್ರಹದಿಂದ ಟಿವಿ ಮುಟ್ಟಿಸುವ ಸೈಟ್ ಪ್ರಯೋಗ ನಡೆದಾಗ ಎಟಿಎಸ್-6 ಉಪಗ್ರಹ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಚಿತ್ರ ಇಳಿಸಿದ್ದೂ ಹೀಗೆಯೇ. ಅಲ್ಲಿ ಕೋಳಿಬಲೆ ಹೆಣೆದ ಮೂರು ಮೀಟರ್ ಅಗಲದ ಡಿಶ್ ಬೇಕಿತ್ತು, ಇಲ್ಲಿ ಬೆರಳುದ್ದದ ಆಂಟೆನಾ ಸಾಕು. ಡ್ರೋನ್ ಬಳಸುವ 5.8 ಗಿಗಾಹರ್ಟ್ಸ್ ಅಲೆಯ ಉದ್ದ ಐದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಮರ, ಗೋಡೆ, ಪೈಲಟ್‌ನ ಮೈ ಕೂಡ ಅದಕ್ಕೆ ಅಡ್ಡಿ. ಆದ್ದರಿಂದ ಗಾಗಲ್‌ನಲ್ಲಿ ಎಲ್ಲ ದಿಕ್ಕಿಗೂ ಕಿವಿಗೊಡುವ ಆಂಟೆನಾ ಒಂದು, ಎದುರಿನ ದಿಕ್ಕಿಗೇ ನೆಟ್ಟ ಪ್ಯಾಚ್ ಆಂಟೆನಾ ಇನ್ನೊಂದು. ಎರಡಕ್ಕೂ ಬೇರೆ ಬೇರೆ ರಿಸೀವರ್. ಸಿಗ್ನಲ್ ಯಾವುದರಲ್ಲಿ ಬಲವಾಗಿದೆ ಎಂದು ಪುಟ್ಟ ಚಿಪ್ ಅಳೆದು, ಆ ಕಡೆಯ ವಿಡಿಯೋವನ್ನು ಗಾಗಲ್‌ಗೆ ತಿರುಗಿಸುತ್ತದೆ.

ಸ್ಟುಡಿಯೋದವರು ಪಟ್ಟ ಒಂದು ಕಷ್ಟ ಇಲ್ಲಿಲ್ಲ. ಎರಡೂ ರಿಸೀವರ್‌ಗಳಿಗೆ ಬರುವುದು ಒಂದೇ ಕ್ಯಾಮೆರಾದ ಚಿತ್ರ, ಸಿಂಕ್ ತಾನಾಗಿಯೇ ಹೊಂದಿರುತ್ತದೆ. ಆದರೂ ಎರಡರ ವೋಲ್ಟೇಜ್ ಮಟ್ಟದಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಗೆರೆಯ ನಡುವೆ ಬದಲಿಸಿದಾಗ ಚಿತ್ರ ಅದುರುತ್ತದೆ. ಅರ್ಧ ಚಿತ್ರ ಮುಗಿದು ಆ ಬಿಡುವು ಬರುವವರೆಗೆ ಕಾಯೋಣವೆಂದರೆ 20 ಮಿಲಿಸೆಕೆಂಡ್ ಕಳೆದೀತು. ಗಂಟೆಗೆ 100 ಕಿಲೋಮೀಟರ್ ವೇಗದ ಡ್ರೋನ್ ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ, ರೇಸಿನ ಗೇಟಿಗೆ ಬಡಿಯಲು ಅಷ್ಟು ಸಾಕು. ಗೆರೆಯ ಅಂಚಿನಲ್ಲೇ ಬದಲಿಸುವುದು ಮೇಲು.

ಬಲವನ್ನಷ್ಟೇ ನಂಬುವುದೂ ಅಪಾಯ. ಕಾಂಕ್ರೀಟಿಗೆ ಬಡಿದು ಬಂದ ಪ್ರತಿಫಲನಗಳು ಬೆರೆತರೆ ಬಲವಾದ ಸಿಗ್ನಲ್‌ನಲ್ಲೂ ಚಿತ್ರ ಹರಿದುಹೋಗುತ್ತದೆ. 2018ರಲ್ಲಿ ಬಂದ ರ‍್ಯಾಪಿಡ್‌ಫೈರ್ ರಿಸೀವರ್ ಒಂದನ್ನು ಆರಿಸುವ ಬದಲು ಎರಡೂ ಚಿತ್ರಗಳನ್ನು ಬೆಸೆಯಿತು. ಸಿಗ್ನಲ್‌ಗಳನ್ನು ಅವುಗಳ ಬಲಕ್ಕೆ ತಕ್ಕ ಪಾಲಿನಲ್ಲಿ ಕೂಡಿಸುವ ದಾರಿಯನ್ನು ರೇಡಿಯೋ ಎಂಜಿನಿಯರ್ ಲೆನರ್ಡ್ ಕಾನ್ 1954ರಲ್ಲೇ ತೋರಿಸಿದ್ದರು.

ಇನ್ನು, ಒಂದು ಚಿತ್ರವನ್ನು ಎರಡು ಕಡೆ ಹಂಚುವ ಮಾತು. ಗಾಗಲ್‌ನ ಚಿತ್ರ ರೆಕಾರ್ಡರ್‌ಗೂ ಬೇಕೆಂದು ಅನೇಕರು ತಂತಿಯನ್ನು ಸುಮ್ಮನೆ ಕವಲೊಡೆಸುತ್ತಾರೆ. ಹಾಗೆ ಮಾಡಬೇಡಿ. ವಿಡಿಯೋ ಸಿಗ್ನಲ್ ಒಂದು ವೋಲ್ಟಿನದು. ಅದನ್ನು ಕೊಡುವ ತುದಿಯಲ್ಲೂ ಪಡೆಯುವ ತುದಿಯಲ್ಲೂ 75 ಓಂ ತಡೆ ಇರಬೇಕು. ಪಡೆಯುವವರು ಇಬ್ಬರಾದರೆ ಸಿಗ್ನಲ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಚಿತ್ರ ಮಂಕಾಗುತ್ತದೆ. ಜೊತೆಗೆ ಸಿಂಕ್ ಮಿಡಿತವೂ 0.3 ವೋಲ್ಟಿನಿಂದ 0.2ಕ್ಕೆ ಕುಸಿಯುತ್ತದೆ. ಮೊದಲೇ ಕ್ಷೀಣ ಸಿಗ್ನಲ್‌ನಲ್ಲಿ ಹಾರುತ್ತಿರುವ ಪೈಲಟ್‌ಗೆ ಇದು ದೊಡ್ಡ ನಷ್ಟ. ಸ್ಟುಡಿಯೋದವರ ಹಳೆಯ ದಾರಿಯೇ ಸರಿ: ನಡುವೆ ಸಿಗ್ನಲ್ಲನ್ನು ಇಮ್ಮಡಿಸುವ ಪುಟ್ಟ ವಿಡಿಯೋ ಆಂಪ್ಲಿಫೈಯರ್ ಇಟ್ಟು, ಪ್ರತಿ ಕವಲಿಗೂ ಅದರದೇ 75 ಓಂ ರೆಸಿಸ್ಟರ್ ಹಾಕುವುದು. ಆಮೇಲೆ ರೆಕಾರ್ಡರ್‌ನ ತಂತಿಯನ್ನು ಹಾರಾಟದ ನಡುವೆ ಯಾರಾದರೂ ಕಿತ್ತರೂ ಪೈಲಟ್‌ನ ಚಿತ್ರಕ್ಕೆ ಏನೂ ಆಗುವುದಿಲ್ಲ.