ಬೇರು ಉಣ್ಣುವ ಬಗೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಒಂದೇ ಬದುವಿನ ಆಚೆ ಈಚೆ ಇಬ್ಬರು ರಾಗಿ ಬಿತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮಣ್ಣು ಒಂದೇ, ಮಳೆ ಒಂದೇ, ಎಕರೆಗೆ ಹಾಕಿದ ಡಿ.ಎ.ಪಿ. ಗೊಬ್ಬರವೂ ಒಂದೇ. ಒಬ್ಬನು ಬಿತ್ತುವಾಗಲೇ ಗೊಬ್ಬರವನ್ನು ಕೂರಿಗೆಯ ಸಾಲಿನಲ್ಲಿ ಬೀಜಕ್ಕಿಂತ ಕೆಳಗೆ ಇಳಿಸಿದ. ಇನ್ನೊಬ್ಬನು ಪೈರು ಎದ್ದ ಮೇಲೆ ಒಣನೆಲದ ಮೇಲೆ ಎರಚಿದ. ಮೊದಲನೆಯವನ ಪೈರು ತೆಂಡೆಯೊಡೆದು ಹರಡುತ್ತದೆ, ಎರಡನೆಯವನದು ಕುಗ್ಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಇಬ್ಬರೂ ಕೊಟ್ಟ ಹಣ ಮಾತ್ರ ಅಷ್ಟೇ. ಗೊಬ್ಬರ ಹೊಲ ಸೇರಿದ ಮಾತ್ರಕ್ಕೆ ಪೈರಿನ ಹೊಟ್ಟೆ ಸೇರಿದಂತಲ್ಲ. ಇದೇಕೆ ಹೀಗೆ ಎಂಬುದನ್ನು ತಿಳಿಯಬೇಕಾದರೆ ಬೇರು ಆಹಾರ ಪಡೆಯುವ ಬಗೆಯನ್ನು ತಿಳಿಯಬೇಕು.

ಬೇರು ಮಣ್ಣನ್ನು ತಿನ್ನುವುದಿಲ್ಲ. ಮಣ್ಣಿನ ಕಣಗಳ ನಡುವಣ ನೀರಿನಲ್ಲಿ ಕರಗಿರುವ ಲವಣಾಂಶಗಳನ್ನು ಮಾತ್ರ ಹೀರುತ್ತದೆ. ಮೇಲ್ಮಣ್ಣಿನಲ್ಲಿ ಬೇರು ಆವರಿಸುವ ಜಾಗ ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದ ಮಣ್ಣಿನಲ್ಲಿರುವ ಆಹಾರ ಬೇರಿನ ಬಳಿಗೆ ಬರಬೇಕು, ಇಲ್ಲವೆ ಬೇರೇ ಅದರ ಬಳಿಗೆ ಹೋಗಬೇಕು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮಣ್ಣು ವಿಜ್ಞಾನಿ ಸ್ಟ್ಯಾನ್ಲಿ ಬಾರ್ಬರ್ ಈ ವಿಷಯವನ್ನು 1962ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ನೇರ ಸಂಪರ್ಕ. ಬೇರು ಬೆಳೆಯುತ್ತಾ ಹೋದಂತೆ ಎದುರಾದ ಪೋಷಕಾಂಶವನ್ನು ತೆಗೆದುಕೊಳ್ಳುತ್ತದೆ. ಹೀಗೆ ದೊರೆಯುವುದು ಅಲ್ಪ. ಎರಡನೆಯದು ನೀರಿನ ಹರಿವು. ಎಲೆಗಳಿಂದ ನೀರು ಆವಿಯಾದಂತೆ ಬೇರು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತದೆ. ನೀರಿನೊಡನೆ ನೈಟ್ರೇಟ್ ರೂಪದ ಸಾರಜನಕ, ಸುಣ್ಣ, ಮೆಗ್ನೀಷಿಯಂ, ಗಂಧಕ ಬರುತ್ತವೆ. ಮೂರನೆಯದು ವಿಸರಣೆ. ಬೇರು ತನ್ನ ಸುತ್ತಲಿನ ಪೋಷಕಾಂಶವನ್ನು ಹೀರಿದಾಗ ಅಲ್ಲಿ ಕೊರತೆಯಾಗಿ, ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅದು ಮೆಲ್ಲಗೆ ಸರಿಯುತ್ತದೆ. ರಂಜಕ ಮತ್ತು ಪೊಟ್ಯಾಷ್ ಬಹುಮಟ್ಟಿಗೆ ಈ ದಾರಿಯಿಂದಲೇ ಬರುತ್ತವೆ.

ಒಂದು ಲೆಕ್ಕ ನೋಡಿ. ಒಂದು ಕಿಲೋ ಒಣ ಪೈರು ಬೆಳೆಯಲು ಗಿಡ ಸುಮಾರು 300 ಲೀಟರ್ ನೀರನ್ನು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮಣ್ಣಿನ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಸಾರಜನಕವಿದ್ದರೆ 15 ಗ್ರಾಂ ಸಾರಜನಕ ನೀರಿನೊಡನೆಯೇ ಬಂದು ಸೇರುತ್ತದೆ. ನೂರಕ್ಕೆ ಒಂದೂವರೆಯಷ್ಟು ಸಾರಜನಕ ಬೇಕಾದ ಪೈರಿಗೆ ಅಷ್ಟು ಸಾಕು. ಆದರೆ ರಂಜಕ ಲೀಟರಿಗೆ 0.05 ಮಿಲಿಗ್ರಾಂ ಇದ್ದರೆ ಬರುವುದು 15 ಮಿಲಿಗ್ರಾಂ ಮಾತ್ರ. ಪೈರಿಗೆ ಬೇಕಾದದ್ದು ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ. ನೀರಿನ ಹರಿವು ನೂರರಲ್ಲಿ ಒಂದು ಪಾಲನ್ನೂ ಒದಗಿಸಲಾರದು. ಉಳಿದದ್ದು ವಿಸರಣೆಯಿಂದ ಬರಬೇಕು. ರಂಜಕವಾದರೋ ಬಹು ನಿಧಾನ. ಒಂದು ಬೆಳೆಯ ಅವಧಿಯಲ್ಲಿ ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ದೂರದ ರಂಜಕವಷ್ಟೇ ಅದಕ್ಕೆ ಎಟಕುತ್ತದೆ. ಅದೂ ತೇವವಿದ್ದರೆ ಮಾತ್ರ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳೂ ಸುಣ್ಣವುಳ್ಳ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಮ್ಮೂ ಅದನ್ನು ಹಿಡಿದಿಡುತ್ತವೆ. ಒಣನೆಲದ ಮೇಲೆ ಎರಚಿದ ಡಿ.ಎ.ಪಿ.ಯ ರಂಜಕ ಬಿದ್ದಲ್ಲೇ ಕುಳಿತುದಕ್ಕೆ ಇದೇ ಕಾರಣ.

ಗಿಡವಾದರೂ ಕೈಕಟ್ಟಿ ಕೂರುವುದಿಲ್ಲ. ಬೇರಿನ ತುದಿಯ ಹಿಂದೆ ಕೂದಲಿನಂಥ ಬೇರುರೋಮಗಳನ್ನು ಹೊರಡಿಸಿ ಮಣ್ಣಿನ ಸಂದುಗೊಂದುಗಳಿಗೆ ಕೈಚಾಚುತ್ತದೆ. ಅಮೆರಿಕದ ಹೊವಾರ್ಡ್ ಡಿಟ್ಮರ್ 1937ರಲ್ಲಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ಅಳೆದರು. ರೈ ಎಂಬುದು ಗೋಧಿಯ ಹತ್ತಿರದ ಧಾನ್ಯ. ಬೇರುಗಳ ಒಟ್ಟು ಉದ್ದ 600 ಕಿಲೋಮೀಟರಿಗೂ ಮಿಕ್ಕಿತ್ತು. ಬೇರುರೋಮಗಳ ಉದ್ದ 10,000 ಕಿಲೋಮೀಟರಿಗೂ ಹೆಚ್ಚಿತ್ತು.

ಬೇರಿಗೆ ನೆಂಟನೂ ಒಬ್ಬನಿದ್ದಾನೆ. ಅದು ಮೈಕೊರೈಜಾ ಎಂಬ ಶಿಲೀಂಧ್ರ. ಸಾಸಿವೆ, ಕೋಸು ಜಾತಿಯ ಗಿಡಗಳನ್ನು ಬಿಟ್ಟರೆ ನಮ್ಮ ಬಹುಪಾಲು ಬೆಳೆಗಳ ಬೇರಿನಲ್ಲಿ ಇದು ನೆಲೆಸುತ್ತದೆ. ಇದರ ಎಳೆಗಳು ಹಲವು ಸೆಂಟಿಮೀಟರ್ ದೂರ ಚಾಚಿ ರಂಜಕ, ಸತುಗಳನ್ನು ತಂದುಕೊಟ್ಟು ಪ್ರತಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರದ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು.

ಕೆಲವು ಬೇರುಗಳು ಆಮ್ಲ ಸ್ರವಿಸಿ ಬಂಧಿತ ರಂಜಕವನ್ನೂ ಬಿಡಿಸಿಕೊಳ್ಳುತ್ತವೆ. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಸ್ರವಿಸಿ ಕಬ್ಬಿಣದೊಡನೆ ಸೇರಿರುವ ರಂಜಕವನ್ನು ಬಳಸಿಕೊಳ್ಳುತ್ತದೆ ಎಂಬುದನ್ನು ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಜಪಾನಿನ ನೊರಿಹಾರು ಎ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ತೊಗರಿಯ ಎಲೆ ಉದುರಿ ಕೊಳೆತಾಗ ಅದರ ಒಂದು ಪಾಲು ಮುಂದಿನ ಬೆಳೆಗೆ ದಕ್ಕುತ್ತದೆ. ಕೆಂಪು ನೆಲದ ರಾಗಿಯಲ್ಲಿ ಹಿರಿಯರು ತೊಗರಿಯ ಅಕ್ಕಡಿ ಸಾಲು ಇಡುತ್ತಿದ್ದುದು ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು.

ಬಾಗಿಲಿಗೆ ಬಂದ ಆಹಾರವನ್ನು ಒಳಗೆ ತೆಗೆದುಕೊಳ್ಳಲು ಬೇರು ಶಕ್ತಿ ವ್ಯಯಿಸಬೇಕು. ಅದಕ್ಕೆ ಉಸಿರಾಟ, ಉಸಿರಾಟಕ್ಕೆ ಗಾಳಿ ಬೇಕು. ನೀರು ನಿಂತ ಮುಸುಕಿನ ಜೋಳ ಹಳದಿಯಾಗುವುದಕ್ಕೆ ಇದೂ ಒಂದು ಕಾರಣ. ಭತ್ತವು ತನ್ನ ಕಾಂಡದ ಮೂಲಕವೇ ಬೇರಿಗೆ ಗಾಳಿ ಒಯ್ಯುವುದರಿಂದ ಕೆಸರಿನಲ್ಲೂ ಬಾಳುತ್ತದೆ.

ಇನ್ನು ಹೊಲದಲ್ಲಿ ಮಾಡಬೇಕಾದುದು:

1. ರಂಜಕದ ಗೊಬ್ಬರವನ್ನು ಬಿತ್ತನೆಯ ಕಾಲದಲ್ಲೇ, ಬೀಜಕ್ಕೆ ತಾಗದಂತೆ, ಅದರ ಪಕ್ಕ ಮತ್ತು ಕೆಳಗೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಕೊಡಿ. ಬೇರು ಎಳೆಯದಾಗಿರುವಾಗಲೇ ಅದು ಕೈಗೆಟುಕಬೇಕು.

2. ಸಾರಜನಕವನ್ನು ಕಂತುಗಳಲ್ಲಿ ಕೊಡಿ. ನೀರಿನೊಡನೆ ಬೇರಿಗೆ ಬರುವ ನೈಟ್ರೇಟ್ ಹೆಚ್ಚು ಮಳೆಯಲ್ಲಿ ಬೇರು ದಾಟಿ ಕೆಳಗೂ ಇಳಿದುಹೋಗುತ್ತದೆ. ಮೇಲುಗೊಬ್ಬರವನ್ನು ತೇವ ನೋಡಿ ಹಾಕಿ, ಎಡೆಕುಂಟೆ ಹೊಡೆದು ಮಣ್ಣಿಗೆ ಸೇರಿಸಿ.

3. ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ. ಅದು ತೇವ ಹಿಡಿಯುತ್ತದೆ, ಮಣ್ಣನ್ನು ಸಡಿಲವಾಗಿಡುತ್ತದೆ, ರಂಜಕ ಬಂಧನವಾಗುವುದನ್ನು ತಗ್ಗಿಸುತ್ತದೆ.

4. ನಿಂತ ನೀರನ್ನು ಬಸಿಯಿರಿ. ನೇಗಿಲ ಕೆಳಗಿನ ಮಣ್ಣು ಗಟ್ಟಿಯಾಗಿದ್ದರೆ ಆಳವಾಗಿ ಉತ್ತು ಬೇರಿಗೆ ದಾರಿ ಬಿಡಿಸಿ.

5. ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿರುವ ಹೊಲಕ್ಕೆ ಮತ್ತೆ ಸುರಿದರೆ ಹಣ ಪೋಲು. ಶಿಲೀಂಧ್ರದ ನೆಂಟಸ್ತಿಕೆಗೂ ಕುಂದು. ಹುಳಿ ಮಣ್ಣಾದರೆ ಶಿಫಾರಸಿನಂತೆ ಸುಣ್ಣ ಹಾಕಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಸೂಚನೆ. ಪೈರು ಬಡವಾಗಿದೆಯೆಂದು ರೈತರು ಬಂದಾಗ ಎಲೆ ನೋಡಿ ಗೊಬ್ಬರದ ಚೀಟಿ ಬರೆಯಬೇಡಿ. ಸನಿಕೆಯಿಂದ ಒಂದು ಗಿಡವನ್ನು ಮಣ್ಣುಹೆಂಟೆಯ ಸಮೇತ ಎತ್ತಿ, ನೀರಿನಲ್ಲಿ ಮೆಲ್ಲಗೆ ತೊಳೆದು ಅವರೊಡನೆ ನೋಡಿ. ಬಿಳಿಯ ಹೊಸ ತುದಿಗಳು, ಮಣ್ಣು ಕಚ್ಚಿದ ಸಣ್ಣ ಬೇರುಗಳು ಹೇರಳವಾಗಿದ್ದರೆ ಕೊರತೆ ಮಣ್ಣಿನಲ್ಲಿರಬಹುದು. ಮಣ್ಣು ಪರೀಕ್ಷೆಗೆ ಕಳಿಸಿ. ಬೇರು ಕಂದಾಗಿ ಕೊಳೆತಿದ್ದರೆ, ಇಲ್ಲವೆ ಗಟ್ಟಿ ಪದರಕ್ಕೆ ತಗುಲಿ ಅಡ್ಡ ತಿರುಗಿದ್ದರೆ, ಇನ್ನೊಂದು ಮೂಟೆ ಗೊಬ್ಬರದಿಂದ ಗುಣ ಕಾಣದು. ಮೊದಲು ಬೇರಿನ ದಾರಿ ಸರಿಪಡಿಸಿ, ಆಮೇಲೆ ಗೊಬ್ಬರದ ಲೆಕ್ಕ ಹಾಕಿ.