ವೀಕ್ಷಣಾಲಯದಿಂದ ಮರಳುವ ನಮ್ಮ ಮಕ್ಕಳು



ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರು ತಪ್ಪೆಸಗಿ ಸಿಕ್ಕಿಬಿದ್ದರೆ ಕಲಬುರಗಿಯ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. ವೀಕ್ಷಣಾಲಯದಲ್ಲಿ ಅವರಿಗೆ ಧಾರ್ಮಿಕ ಶಿಕ್ಷಣ ನೀಡಬೇಕೆಂದು ನಾವೆಲ್ಲ ಹೇಳುತ್ತೇವೆ. ನೀಡಬೇಕು, ನಿಜ. ಆದರೆ ಸೂರಾಗಳನ್ನು ಕಂಠಪಾಠ ಮಾಡಿಸಿ ಬಂದರೆ ಸಾಲದು. ಹಝ್ರತ್ ಯೂಸುಫ್(ಅ)ರು ಸೆರೆಮನೆಯ ಸಂಗಾತಿಗಳಿಗೆ ಏಕದೇವತ್ವವನ್ನು ಬೋಧಿಸುವ ಮುನ್ನ ಅವರ ಕನಸುಗಳಿಗೆ ಕಿವಿಗೊಟ್ಟಿದ್ದರು.

ಬಿಡುಗಡೆಯ ನಂತರವೇನು? ವಯಸ್ಕರಂತೆ ವಿಚಾರಣೆಗೊಳಗಾದವರ ಹೊರತು, ಇಂತಹ ಮಕ್ಕಳಿಗೆ ತೀರ್ಪಿನಿಂದ ಯಾವ ಅನರ್ಹತೆಯೂ ಅಂಟಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುತ್ತದೆ; ಕಾಲಾನಂತರ ದಾಖಲೆಯನ್ನೂ ನಾಶಪಡಿಸಲು ವಿಧಿಸುತ್ತದೆ. ನಮ್ಮ ಮೊಹಲ್ಲಾದ ದಾಖಲೆ ಮಾತ್ರ ನಾಶವಾಗದು! ಮದ್ರಸಾ ಸೇರಿಸಿಕೊಳ್ಳದು, ಗ್ಯಾರೇಜಿನವರು ಕೆಲಸ ಕೊಡರು. ಈ ಮೂರು ಪಟ್ಟಣಗಳ ಮಸೀದಿ ಸಮಿತಿಗಳು ಒಬ್ಬೊಬ್ಬರನ್ನು ಗೊತ್ತುಪಡಿಸಲಿ. ಅವರು ವಿಚಾರಣೆಯ ದಿನ ಹುಡುಗನ ತಾಯಿಯೊಂದಿಗೆ ಕಲಬುರಗಿಗೆ ಹೋಗಲಿ, ಮರಳಿದವನಿಗೆ ಶಾಲೆಯನ್ನೋ ಕಸುಬನ್ನೋ ಹುಡುಕಿಕೊಡಲಿ. ಹೆಸರುಗಳನ್ನು ಮುಂದಿನ ಜುಮಾದೊಳಗೆ ನಿರ್ಧರಿಸೋಣ.